ಪದ ಪ್ರಶ್ನೆ: ಲಗ್ನಪತ್ರಿಕೆಗೆ ‘ಅಕ್ಕರೆ’ ಒಪ್ಪುತ್ತಾ?

ಪ್ರಶ್ನೆ: ಮುಂದಿನ ತಿಂಗಳು ನನ್ನ ಮದುವೆ. ಲಗ್ನಪತ್ರಿಕೆಯ ಮೇಲೆ ‘ಅಕ್ಕರೆಯ ಕರೆಯೋಲೆ’ ಎಂದು ಹಾಕಿಸಬೇಕು ಅಂತ ನನ್ನ ಆಸೆ. ಅಪ್ಪ ಬೇಡ ಅಂತಾರೆ. ‘ಅಕ್ಕರೆ ದೊಡ್ಡವರು ಚಿಕ್ಕವರಿಗೆ ತೋರಿಸೋದು. ಪತ್ರಿಕೆ ನಿನ್ನ ದೊಡ್ಡಪ್ಪಂದಿರಿಗೂ ಹೋಗುತ್ತೆ, ಊರಿನ ಯಜಮಾನರಿಗೂ ಹೋಗುತ್ತೆ. ಅವರಿಗೆಲ್ಲ ನೀನು ಅಕ್ಕರೆ ತೋರಿಸ್ತೀಯಾ?’ ಅನ್ನುವುದು ಅವರ ವಾದ. ಅಜ್ಜಿಯದು ಇನ್ನೊಂದು ಮಾತು. ಅಕ್ಕ ತೋರಿಸುವ ಪ್ರೀತಿಯೇ ಅಕ್ಕರೆಯಂತೆ. ಯಾರು ಸರಿ ಮೇಡಂ?
— ಓದುಗರು, ಮಳವಳ್ಳಿ

ಉತ್ತರ: ಮೊದಲು ನಿಮ್ಮ ಮದುವೆಗೆ ಶುಭಾಶಯ. ಪ್ರೆಸ್ಸಿನವರು ಕಾಯುತ್ತಿರಬಹುದು, ಅದಕ್ಕೆ ತೀರ್ಮಾನ ಮೊದಲೇ ಹೇಳುತ್ತೇನೆ. ‘ಅಕ್ಕರೆಯ ಕರೆಯೋಲೆ’ ಎಂದು ಧಾರಾಳವಾಗಿ ಹಾಕಿಸಿ. ಎರಡೂ ಒಳ್ಳೆಯ ಕನ್ನಡ ಪದ, ಜೋಡಿಯೂ ಚೆನ್ನಾಗಿದೆ.

ಆದರೆ ನಿಮ್ಮ ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಅವರ ಕಿವಿ ಸೂಕ್ಷ್ಮವಾಗಿದೆ. ಮಾವನವರಿಗೆ ಪತ್ರ ಬರೆಯುವಾಗ ‘ಅಕ್ಕರೆಯ ಮಾವನವರಿಗೆ’ ಎಂದು ಶುರು ಮಾಡಿದರೆ ಏನೋ ತಪ್ಪಿದಂತೆ ಕೇಳಿಸುತ್ತದೆ, ಅಲ್ವಾ? ‘ಪ್ರೀತಿಯ ಮಾವನವರಿಗೆ’ ಅಂದರೆ ಹಾಗಾಗುವುದಿಲ್ಲ. ತಂದೆಯವರು ಇದನ್ನೇ ಗಮನಿಸಿದ್ದಾರೆ. ಅವರು ಹೇಳಿದ ಕಾರಣವನ್ನು ಮಾತ್ರ ನಾನು ಬೇರೆ ರೀತಿ ಹೇಳುತ್ತೇನೆ. ಅಕ್ಕರೆ ನೋಡುವುದು ವಯಸ್ಸನ್ನಲ್ಲ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನುವುದನ್ನು ನೋಡುತ್ತದೆ.

ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆ ಇದ್ದರು. ಕೊನೆಯ ವರ್ಷಗಳಲ್ಲಿ ಮಂಚ ಬಿಟ್ಟು ಏಳಲು ಆಗುತ್ತಿರಲಿಲ್ಲ. ನಾನು ನೋಡಲು ಹೋದಾಗಲೆಲ್ಲ ಸೊಸೆಯ ಬಗ್ಗೆ ಒಂದೇ ಮಾತು ಹೇಳುತ್ತಿದ್ದರು: ‘ಅಕ್ಕರೆಯಾಗ್ ನೋಡ್ಕತಾಳೆ ಕಣವ್ವ.’ ಇಲ್ಲಿ ಅಕ್ಕರೆ ಹೊರಟಿದ್ದು ಚಿಕ್ಕವಳಿಂದ, ಹೋಗಿದ್ದು ದೊಡ್ಡವರಿಗೆ. ಆ ಮಾತಿನಲ್ಲಿ ಯಾವ ತಪ್ಪೂ ಇಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗೆ ಇಡುತ್ತಿದ್ದವಳು ಸೊಸೆ. ಹಾಗಾಗಿ ಅಕ್ಕರೆಯೂ ಅವಳದೇ. ಮಕ್ಕಳನ್ನು ಸಾಕುವವರು ದೊಡ್ಡವರು, ಆದ್ದರಿಂದ ಅಕ್ಕರೆ ಹೆಚ್ಚಾಗಿ ಮೇಲಿನಿಂದ ಕೆಳಗೆ ಹರಿಯುವಂತೆ ಕಾಣುತ್ತದೆ, ಅಷ್ಟೇ. ನಿಮ್ಮ ಮದುವೆಯ ದಿನ ಬಂದವರಿಗೆಲ್ಲ ನಿಮ್ಮ ಮನೆಯವರೇ ಎಲೆ ಹಾಕಿ ಬಡಿಸುತ್ತೀರಿ. ಎಂಬತ್ತು ದಾಟಿದ ಯಜಮಾನರನ್ನೂ ‘ಇನ್ನೊಂದು ಹೋಳಿಗೆ ಹಾಕಿಸ್ಕೊಳ್ಳಿ’ ಎಂದು ಒತ್ತಾಯ ಮಾಡುತ್ತೀರಿ. ಆ ದಿನ ನೋಡಿಕೊಳ್ಳುವವರು ನೀವು. ಅಕ್ಕರೆಯ ಕರೆ ಅನ್ನುವುದು ಅದಕ್ಕೇ ಸರಿ.

ಈ ಪದದ ಇನ್ನೊಂದು ಗುಣ ಗಮನಿಸಿ. ಪ್ರೀತಿಯಿಂದ ‘ಪ್ರೀತಿಸು’ ಬಂತು. ಒಲವಿಗೆ ‘ಒಲಿ’ ಇದೆ. ಮುದ್ದಿಗೆ ‘ಮುದ್ದಿಸು’ ಇದೆ. ಅಕ್ಕರೆಗೆ ಇವತ್ತಿನ ಮಾತಿನಲ್ಲಿ ಹಾಗೆ ಅದರದೇ ಆದ ಕ್ರಿಯಾಪದ ಇಲ್ಲ. ಅದಕ್ಕೆ ಯಾವಾಗಲೂ ಪಕ್ಕದಲ್ಲಿ ಒಂದು ಕೆಲಸ ಬೇಕು. ಅಕ್ಕರೆಯಿಂದ ಬಡಿಸಿದರು, ಅಕ್ಕರೆಯಿಂದ ಮಾತಾಡಿಸಿದರು, ಅಕ್ಕರೆಯಿಂದ ತಲೆ ಬಾಚಿದರು, ಅಕ್ಕರೆಯಿಂದ ಸಾಕಿದರು. ಮನಸ್ಸಿನೊಳಗೆ ಸುಮ್ನೆ ಕೂತಿರುವ ಪ್ರೀತಿಯನ್ನು ನಾವು ಅಕ್ಕರೆ ಅನ್ನುವುದು ಕಡಿಮೆ. ಕೈಯಲ್ಲೋ ಬಾಯಲ್ಲೋ ಕಾಣಿಸಿಕೊಂಡಾಗ ಆ ಹೆಸರು ಕೊಡುತ್ತೇವೆ. ಅದಕ್ಕೇ ತನ್ನ ಬಗ್ಗೆ ತಾನೇ ‘ನನಗೆ ನಿನ್ನ ಮೇಲೆ ತುಂಬಾ ಅಕ್ಕರೆ’ ಎಂದು ಹೇಳಿಕೊಳ್ಳುವವರೂ ಕಡಿಮೆ. ಅದನ್ನು ಪಡೆದವರು ಹೇಳಬೇಕು, ಇಲ್ಲ ನೋಡಿದವರು ಹೇಳಬೇಕು. ನನ್ನ ಸೋದರತ್ತೆಯ ಸೊಸೆ ತನ್ನ ಅಕ್ಕರೆಯ ಬಗ್ಗೆ ಒಂದು ಮಾತೂ ಆಡಿದವಳಲ್ಲ.

ಪ್ರಾಣಿಗಳಿಗೂ ಈ ಪದ ಚೆನ್ನಾಗಿ ಹೊಂದುತ್ತದೆ. ಸಂಕ್ರಾಂತಿಯ ಬೆಳಿಗ್ಗೆ ನಮ್ಮ ಕಡೆ ಹಳ್ಳಿಕಾರ್ ಎತ್ತುಗಳ ಮೈ ತೊಳೆದು, ಕೊಂಬು ಒರೆಸಿ ಬಣ್ಣ ಬಳಿಯುವವರನ್ನು ನೋಡಿ. ಸಂಜೆ ಕಿಚ್ಚು ಹಾಯಿಸಿದ ಮೇಲೆ ಎಲ್ಲಾದರೂ ಬೆಂಕಿ ತಾಗಿದೆಯಾ ಎಂದು ಮೈಯೆಲ್ಲ ಸವರಿ ನೋಡುತ್ತಾರೆ. ಅದು ಅಕ್ಕರೆ. ತಾನೇ ನೆಟ್ಟು ನೀರು ಹೊಯ್ದ ಗಿಡದ ಮೇಲೂ ಅಕ್ಕರೆ ಇರಬಹುದು. ಆದರೆ ‘ನನಗೆ ಸಿನಿಮಾ ಅಂದರೆ ಅಕ್ಕರೆ’ ಎನ್ನಲು ಬರುವುದಿಲ್ಲ. ಅಲ್ಲಿ ಪ್ರೀತಿ, ಆಸೆ, ಹುಚ್ಚು ಏನು ಬೇಕಾದರೂ ಬರಲಿ. ಈಚೆಗೆ ಅಂಗಡಿಗಳ ಜಾಹೀರಾತಿನಲ್ಲಿ ‘ಅಕ್ಕರೆಯ ಗ್ರಾಹಕರೇ’ ಎಂದು ನೋಡುತ್ತಿದ್ದೇನೆ. ನನಗೆ ಅದು ಒಪ್ಪಿಗೆ ಇಲ್ಲ. ಮುಖ ನೋಡದವರಿಗೂ ಈ ಪದ ಹಂಚುತ್ತಾ ಹೋದರೆ, ನಿಜವಾಗಿ ಬೇಕಾದಾಗ ಅದರಲ್ಲಿ ಬಿಸಿ ಉಳಿದಿರುವುದಿಲ್ಲ. ‘ಮಾನ್ಯ ಗ್ರಾಹಕರೇ’ ಸಾಕು.

ಇನ್ನು ಅಜ್ಜಿಯ ಮಾತು. ಕೇಳಲು ಬಹಳ ಚೆನ್ನಾಗಿದೆ. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕಂದಿರು ನಮ್ಮಲ್ಲಿ ಎಷ್ಟು ಜನ! ಆದರೂ ಅಕ್ಕರೆ ಹುಟ್ಟಿದ್ದು ಅಕ್ಕನಿಂದ ಅಲ್ಲ. ಹಳಗನ್ನಡದಲ್ಲಿ ಈ ಪದದ ರೂಪ ‘ಅೞ್ಕಱ್’. ಈಗ ನಾವು ಬಿಟ್ಟುಬಿಟ್ಟಿರುವ ಎರಡು ಅಕ್ಷರಗಳೂ ಅದರಲ್ಲಿವೆ, ೞ ಮತ್ತು ಱ. ಮುಂದೆ ಅದು ‘ಅರ್ಕಱ್’ ಆಯಿತು, ಆಮೇಲೆ ‘ಅಕ್ಕಱು’, ಈಗ ‘ಅಕ್ಕರೆ’. ನಂಬಲು ಕಷ್ಟ ಆದರೆ ನಿಮ್ಮ ಊರಿನ ಭತ್ತದ ಬಯಲನ್ನೇ ನೆನಪು ಮಾಡಿಕೊಳ್ಳಿ. ‘ಗದ್ದೆ’ ಹಿಂದೆ ‘ಗೞ್ದೆ’ ಆಗಿತ್ತು, ನಡುವೆ ‘ಗರ್ದೆ’ ಆಯಿತು. ‘ಕತ್ತೆ’ಯೂ ‘ಕೞ್ತೆ’, ‘ಕರ್ತೆ’ ಎಂದು ಇದೇ ದಾರಿಯಲ್ಲಿ ಬಂದಿದೆ. ೞ ಹೋಗಿ ರ್ ಬಂತು. ಆಮೇಲೆ ಆ ರ್ ಕೂಡ ಮುಂದಿನ ಅಕ್ಷರದಲ್ಲಿ ಕರಗಿಹೋಯಿತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ೞ ಬರುವ ಪದಗಳನ್ನು ಹುಡುಕಿ ಪಟ್ಟಿ ಮಾಡಿಟ್ಟಿದ್ದಾನೆ. ಆ ಅಕ್ಷರ ಎಲ್ಲಿ ಬರಬೇಕು ಅನ್ನುವುದು ಆ ಹೊತ್ತಿಗಾಗಲೇ ಕಲಿಸಿಕೊಡಬೇಕಾದ ಸಂಗತಿ ಆಗಿತ್ತು.

ಅಕ್ಕನ ಜೊತೆಗೆ ಸಕ್ಕರೆಯ ನಂಟನ್ನೂ ಕೆಲವರು ಕಟ್ಟುತ್ತಾರೆ. ಮಂಡ್ಯದಲ್ಲಿ 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಬಂದು, ಜಿಲ್ಲೆಗೆ ಸಕ್ಕರೆ ನಾಡು ಎಂಬ ಹೆಸರು ನಿಂತ ಮೇಲೆ ‘ಸಕ್ಕರೆ ನಾಡಿನ ಅಕ್ಕರೆ’ ಅನ್ನುವುದು ವೇದಿಕೆಗಳ ಮಾತಾಗಿದೆ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನಕ್ಕೆ ಬಂದವರಿಗೆ ಈ ಜೋಡಿ ಪದ ಹೊಸದೇನೂ ಅಲ್ಲ. ಪ್ರಾಸ ಚೆಂದ. ಆದರೆ ಸಕ್ಕರೆ ಬಂದಿದ್ದು ಸಂಸ್ಕೃತದ ಶರ್ಕರಾದಿಂದ, ಪ್ರಾಕೃತದ ದಾರಿಯಲ್ಲಿ. ಅಕ್ಕರೆ ನಮ್ಮದೇ ನೆಲದ್ದು. ಎರಡೂ ಸೇರಿದ್ದು ನಮ್ಮ ನಾಲಿಗೆಯ ಮೇಲೆ.

ಪ್ರಶ್ನೆ: ನಮ್ಮ ಪಕ್ಕದ ಮನೆಗೆ ತೆಲುಗು ಮಾತಾಡುವ ಕುಟುಂಬ ಬಂದಿದೆ. ಗೌರಿ ಹಬ್ಬದ ದಿನ ಒಬ್ಬಟ್ಟು ಕೊಡಲು ಹೋಗಿದ್ದೆ. ಆಕೆ ಫೋನಿನಲ್ಲಿ ಗಂಡನಿಗೆ ನಮ್ಮ ಹೆಸರು ಹೇಳಿ ಏನೋ ಮಾತಾಡಿ, ನಡುವೆ ‘ಅಕ್ಕರಲೇದು’ ಎಂದರು. ನಮಗೆ ಅಕ್ಕರೆ ಇಲ್ಲ ಅಂದರಾ? ಮನಸ್ಸಿಗೆ ಕಸಿವಿಸಿ ಆಯಿತು.
— ಓದುಗರು, ವಿಜಯನಗರ, ಮೈಸೂರು

ಉತ್ತರ: ದಯವಿಟ್ಟು ಬೇಸರ ಬಿಟ್ಟುಬಿಡಿ. ತೆಲುಗಿನಲ್ಲಿ ‘ಅಕ್ಕರ’ ಅಂದರೆ ಅಗತ್ಯ. ‘ಅಕ್ಕರಲೇದು’ ಅಂದರೆ ‘ಬೇಕಾಗಿಲ್ಲ, ಅಗತ್ಯ ಇಲ್ಲ’. ಪಕ್ಕದ ಮನೆಯವರು ಒಬ್ಬಟ್ಟು ತಂದುಕೊಟ್ಟಿದ್ದಾರೆ, ನೀವು ಸಿಹಿ ತರುವ ಅಗತ್ಯ ಇಲ್ಲ ಎಂದು ಗಂಡನಿಗೆ ಹೇಳಿರಬಹುದು. ಅಂದರೆ ನಿಮ್ಮ ಒಬ್ಬಟ್ಟಿಗೆ ಸಿಕ್ಕ ಮರ್ಯಾದೆ ಅದು.

ತಮಿಳಿನಲ್ಲೂ ‘ಅಕ್ಕರೈ’ ಇದೆ. ಅಲ್ಲಿ ಅದಕ್ಕೆ ಕಾಳಜಿ, ಆಸಕ್ತಿ ಎಂಬ ಅರ್ಥ. ಮಲಯಾಳದಲ್ಲಿ ‘ಅಕ್ಕರ’ ಅಂದರೆ ನದಿಯ ಆಚೆ ದಡ, ‘ಇಕ್ಕರ’ ಅಂದರೆ ಈಚೆ ದಡ. ಎಚ್.ಡಿ. ಕೋಟೆ ಕಡೆಯವರು ವಯನಾಡಿನವರ ಬಾಯಲ್ಲಿ ಇದನ್ನು ಕೇಳಿರಬಹುದು. ಮೈಸೂರಿನಂಥ ಊರಿನಲ್ಲಿ ಒಂದೇ ಬೀದಿಯಲ್ಲಿ ಈ ಭಾಷೆಗಳೆಲ್ಲ ಓಡಾಡುತ್ತವೆ. ಕಿವಿಗೆ ಒಂದೇ ತರಹ ಬಿದ್ದರೂ ಆಡಿದವರ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ಮುಂದಿನ ಹಬ್ಬಕ್ಕೂ ಒಬ್ಬಟ್ಟು ತೆಗೆದುಕೊಂಡು ಹೋಗಿ.

ಪ್ರಶ್ನೆ: ‘ಪಿರಿಯಕ್ಕರ’ ಅಂದರೆ ದೊಡ್ಡ ಅಕ್ಕರೆ ಎಂದು ಗೆಳತಿ ಹೇಳಿದಳು. ಸರಿಯಾ?
— ವಿದ್ಯಾರ್ಥಿನಿ, ಮಾನಸಗಂಗೋತ್ರಿ

ಉತ್ತರ: ಸರಿಯಲ್ಲ. ಅದು ಪದ್ಯದ ಜಾತಿ. ನಾಲ್ಕು ಸಾಲು, ಸಾಲಿಗೆ ಏಳು ಅಂಶಗಣ, ಅಂದರೆ ಸಾಲನ್ನು ಅಳೆಯುವ ಅಕ್ಷರಗಳ ಗುಂಪು. ದೊರೆಯಕ್ಕರ, ನಡುವಣಕ್ಕರ, ಎಡೆಯಕ್ಕರ, ಕಿರಿಯಕ್ಕರ ಇದರ ಜೊತೆಯವು. ಇಲ್ಲಿನ ‘ಅಕ್ಕರ’ ಸಂಸ್ಕೃತದ ಅಕ್ಷರದ ತದ್ಭವ. ಅದರಲ್ಲಿರುವುದು ಮಾಮೂಲಿ ರ, ಅಕ್ಕರೆಯಲ್ಲಿದ್ದದ್ದು ಱ. ಹಳೆಯ ಬರಹದಲ್ಲಿ ಇವೆರಡೂ ಬೆರೆಯುವ ಭಯ ಇರಲಿಲ್ಲ.

ಪ್ರಶ್ನೆ: ನಮ್ಮ ತಾತ ಯಾರನ್ನಾದರೂ ಹೊಗಳಬೇಕಾದರೆ ‘ಅಂತಃಕರಣ ಇರೋ ಮನುಷ್ಯ’ ಅಂತಾರೆ. ನಿಘಂಟು ತೆಗೆದರೆ ಅಂತಃಕರಣ ಅಂದರೆ ಮನಸ್ಸು ಎಂದಿದೆ. ಮನಸ್ಸು ಎಲ್ಲರಿಗೂ ಇರುತ್ತಲ್ಲ? ಅಕ್ಕರೆಗೂ ಇದಕ್ಕೂ ಏನು ವ್ಯತ್ಯಾಸ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ನಿಘಂಟಿನದು ಶಾಸ್ತ್ರದ ಅರ್ಥ. ಕರಣ ಅಂದರೆ ಸಾಧನ. ಕಣ್ಣು, ಕಿವಿ ಹೊರಗಿನ ಸಾಧನಗಳು. ಒಳಗಿನ ಸಾಧನ ಅಂತಃಕರಣ. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದು ವೇದಾಂತಿಗಳು ಅದನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಆ ಲೆಕ್ಕದಲ್ಲಿ ಕಟುಕನಿಗೂ ಅಂತಃಕರಣ ಇದೆ.

ಕನ್ನಡದ ಜನ ಮಾತ್ರ ಆ ಪದವನ್ನು ತೆಗೆದುಕೊಂಡು ಬೇರೆಯೇ ಕೆಲಸಕ್ಕೆ ಹಚ್ಚಿದರು. ನಮ್ಮಲ್ಲಿ ಅಂತಃಕರಣ ಅಂದರೆ ಇನ್ನೊಬ್ಬರ ಕಷ್ಟ ಕಂಡು ಕರಗುವ ಗುಣ. ‘ಅವನಿಗೆ ಅಂತಃಕರಣ ಅನ್ನೋದೇ ಇಲ್ಲ’ ಎಂದು ಬೈದರೆ, ಅವನಿಗೆ ಬುದ್ಧಿ ಚಿತ್ತ ಇಲ್ಲ ಎಂದು ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಬೇರೆಯವರ ನೋವಿಗೆ ಮಿಡಿಯದೆ ಇದ್ದರೆ ಅಂಥ ಮನಸ್ಸು ಇದ್ದೂ ಇಲ್ಲದ ಹಾಗೆ. ನಮ್ಮ ಹಿಂದಿನವರು ಈ ಪದ ಬಳಸಿದ ರೀತಿಯಲ್ಲೇ ಆ ನಂಬಿಕೆ ಕಾಣುತ್ತದೆ. ನನಗೆ ಇದು ಬಹಳ ಹೆಮ್ಮೆಯ ವಿಷಯ. ನಿಮ್ಮ ತಾತನ ಅರ್ಥವೇ ನಮ್ಮ ಅರ್ಥ, ಅದನ್ನೇ ಇಟ್ಟುಕೊಳ್ಳಿ.

ವ್ಯತ್ಯಾಸ ಕೇಳಿದಿರಿ. ಅಕ್ಕರೆಗೆ ಒಡನಾಟ ಬೇಕು. ಅಂತಃಕರಣಕ್ಕೆ ಪರಿಚಯವೂ ಬೇಕಾಗಿಲ್ಲ. ಮಂಡ್ಯದಿಂದ ಮೈಸೂರಿಗೆ ಬರುವ ಬಸ್ಸಿನಲ್ಲಿ ಒಮ್ಮೆ ನೋಡಿದೆ. ಹಣ ಸಾಲದೆ ಜೇಬು ತಡಕುತ್ತಿದ್ದ ಮುದುಕರಿಗೆ ಕಂಡಕ್ಟರ್ ತನ್ನ ಕೈಯಿಂದಲೇ ಉಳಿದದ್ದು ಹಾಕಿ ಟಿಕೆಟ್ ಹರಿದು ಕೊಟ್ಟ. ‘ಕೂತ್ಕೊಳ್ಳಿ ಯಜಮಾನ್ರೆ’ ಎಂದು ಹೇಳಿ ಮುಂದೆ ಹೋದ. ಆ ಮುದುಕರು ಯಾರು, ಎಲ್ಲಿಯವರು ಅವನಿಗೆ ಗೊತ್ತಿಲ್ಲ. ಅವನಲ್ಲಿದ್ದದ್ದು ಅಂತಃಕರಣ.

ಹಳ್ಳಿಯಲ್ಲಿ ಇದಕ್ಕೂ ಒಳಗಿನ ಪದ ಒಂದಿದೆ, ‘ಕಳ್ಳು’. ಕುಡಿಯುವ ಕಳ್ಳಲ್ಲ, ಕರುಳು. ನಮ್ಮ ಕಡೆ ಕರುಳು ಕಳ್ಳಾಗುತ್ತದೆ, ಬೆರಳು ಬೆಳ್ಳಾಗುತ್ತದೆ, ಹರಳೆಣ್ಣೆ ಹಳ್ಳೆಣ್ಣೆ ಆಗುತ್ತದೆ. ಅರ್ಕಱ್ ಎಂಬುದು ಅಕ್ಕಱ್ ಆದ ಹಾಗೆ ಇಲ್ಲೂ ರ್ ಕರಗಿದೆ ನೋಡಿ. ‘ಮಗೀನ್ ಮೊಕ ನೋಡಿ ಕಳ್ಳು ಚುರುಕ್ ಅಂತು’ ಅನ್ನುತ್ತಾರೆ. ನಂಟನ್ನು ‘ಕಳ್ಳುಬಳ್ಳಿ’ ಅನ್ನುತ್ತಾರೆ. ಇದನ್ನು ಒರಟು ಭಾಷೆ ಎಂದು ತಿದ್ದಲು ಹೋಗುವವರನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಕರುಳು ಎಂದು ಬರೆಯಿರಿ. ಮನೆಯಲ್ಲಿ ತಾತನ ಜೊತೆ ಕಳ್ಳು ಎಂದೇ ಮಾತಾಡಿ.

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ದಿನಾ ರಾತ್ರಿ ಫೋನ್ ಮಾಡುತ್ತಾನೆ. ಇಡುವ ಮುಂಚೆ ‘ಲವ್ ಯೂ ಅಮ್ಮ’ ಅಂತಾನೆ. ನನಗೆ ಏನು ಹೇಳಬೇಕೋ ತೋಚುವುದಿಲ್ಲ. ‘ಹ್ಞೂಂ ಸರಿ, ಮಲಿಕೋ’ ಅಂದುಬಿಡುತ್ತೇನೆ. ಆಮೇಲೆ ಮನಸ್ಸಿಗೆ ಒಂಥರಾ ಆಗುತ್ತದೆ. ಕನ್ನಡದಲ್ಲಿ ಇದಕ್ಕೆ ಏನು ಹೇಳಬೇಕು ತಾಯಿ?
— ಒಬ್ಬ ತಾಯಿ, ಮದ್ದೂರು

ಉತ್ತರ: ಅಮ್ಮಾ, ನಿಮ್ಮ ಕಾಗದ ಓದಿ ನನಗೆ ತುಂಬಾ ಸಂತೋಷವಾಯಿತು. ಮೊದಲು ಒಂದು ಮಾತು. ಮಗ ಇಂಗ್ಲಿಷಿನಲ್ಲಿ ಹೇಳುತ್ತಾನೆ ಎಂದು ಸಂಕೋಚ ಪಡಬೇಡಿ. ಅವನಿಗೆ ಕೈಗೆಟುಕಿದ ಪದದಲ್ಲಿ ಹೇಳುತ್ತಿದ್ದಾನೆ. ದಿನಾ ಹೇಳುತ್ತಿದ್ದಾನಲ್ಲ, ಅದು ದೊಡ್ಡದು.

‘ನಮ್ಮ ಹಳ್ಳಿಗಳ ಕಡೆ ಪ್ರೀತಿಯನ್ನು ಬಾಯಿ ಬಿಟ್ಟು ಹೇಳೋದಿಲ್ಲ’ ಎಂದು ಅನೇಕರು ಬರೆಯುತ್ತಾರೆ. ಈ ಮಾತು ನನಗೆ ನೋವು ಕೊಡುತ್ತದೆ, ಏಕೆಂದರೆ ನಿಜವಲ್ಲ. ನಾವು ಅದನ್ನು ಬೇರೆ ವಾಕ್ಯ ಮಾಡಿ ಹೇಳುವುದಿಲ್ಲ, ಕರೆಯುವುದರಲ್ಲೇ ಹೇಳಿಬಿಡುತ್ತೇವೆ. ಮಗನನ್ನು ‘ಬಾ ನಮ್ಮಪ್ಪ’ ಅನ್ನುತ್ತೇವೆ. ಮಗಳನ್ನು ‘ಯಾಕವ್ವಾ ಸಪ್ಪಗಿದ್ದೀಯ?’ ಎಂದು ಕೇಳುತ್ತೇವೆ. ಹೆತ್ತವಳೇ ಹುಟ್ಟಿದ್ದನ್ನು ಅಪ್ಪ, ಅವ್ವ, ತಾಯಿ ಎಂದು ಕರೆಯುವುದು ಸಾಮಾನ್ಯ ಮಾತೇ? ಹೊರಗಿನವರು ಕೇಳಿದರೆ ಆಶ್ಚರ್ಯಪಡುತ್ತಾರೆ. ನಮಗೆ ರೂಢಿಯಾಗಿ ಕಾಣಿಸುವುದೇ ಇಲ್ಲ.

ಈ ರೂಢಿಗೆ ಒಂದು ಕಾರಣ ನಮ್ಮ ಮನೆಯಲ್ಲೇ ಇತ್ತು. ನನ್ನ ತಮ್ಮನಿಗೆ ತಾತನ ಹೆಸರು ಇಟ್ಟಿದ್ದರು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವ ಹಾಗಿಲ್ಲ. ಹಾಗಾಗಿ ಅಮ್ಮ ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲೇ ಇಲ್ಲ. ಎಂದಿಗೂ ‘ಅಪ್ಪಯ್ಯ’. ಶುರುವಾಗಿದ್ದು ಮಾವನ ಮೇಲಿನ ಮರ್ಯಾದೆಗೆ ಇರಬಹುದು. ಆದರೆ ಜ್ವರ ಬಂದ ರಾತ್ರಿ ಹಣೆಯ ಮೇಲೆ ಒದ್ದೆ ಬಟ್ಟೆ ಇಟ್ಟು ‘ಅಪ್ಪಯ್ಯ, ಒಂದ್ ಗುಟುಕು ಗಂಜಿ ಕುಡಿ’ ಅನ್ನುವಾಗ ಅಲ್ಲಿ ಬರೀ ಅಕ್ಕರೆ ಇತ್ತು. ‘ಕೂಸೇ’, ‘ನನ್ ಬಂಗಾರ’, ‘ನನ್ ಕಂದ’ ಇವೂ ಇವೆ. ಮಾತಿನ ಕೊನೆಯಲ್ಲಿ ಸೇರಿಸುವ ‘ಕಣಪ್ಪ’, ‘ಕಣವ್ವ’ ಕೂಡ ಅದೇ ಕೆಲಸ ಮಾಡುತ್ತವೆ. ‘ಹುಷಾರಾಗಿರು’ ಅನ್ನುವುದಕ್ಕೂ ‘ಹುಷಾರಾಗಿರು ಕಣಪ್ಪ’ ಅನ್ನುವುದಕ್ಕೂ ಎಷ್ಟು ಅಂತರ ನೋಡಿ. ‘ಊಟ ಆಯ್ತಾ?’ ಎಂದು ನೀವು ದಿನಾ ಕೇಳುವುದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ.

ಹಾಗಂತ ಬಾಯಿಬಿಟ್ಟು ಹೇಳುವುದನ್ನು ಬಿಡಬೇಕಾಗಿಲ್ಲ. ಮಗನಿಗೆ ಅದು ಕೇಳಬೇಕು ಅನಿಸಿದೆ, ಅದಕ್ಕೇ ದಿನಾ ಹೇಳುತ್ತಾನೆ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ ಮಗನೇ’ ಎಂದು ಮಾತ್ರ ಹೇಳಬೇಡಿ. ಅದು ವ್ಯಾಕರಣಕ್ಕೆ ಸರಿ, ಆದರೆ ನಿಮ್ಮ ಬಾಯಿಗೆ ಹೊಂದುವುದಿಲ್ಲ, ಅವನ ಕಿವಿಗೂ ಹೊಂದುವುದಿಲ್ಲ. ನಮ್ಮಲ್ಲಿ ಇದಕ್ಕೆ ಗಟ್ಟಿ ಮಾತು ಇದೆ: ‘ನಂಗೂ ನೀನಂದ್ರೆ ಪ್ರಾಣ ಕಣಪ್ಪ.’ ಇವತ್ತು ರಾತ್ರಿಯೇ ಹೇಳಿ ನೋಡಿ. ಮೊದಲ ಸಲ ನಾಚಿಕೆ ಆಗಬಹುದು. ಆದರೂ ಹೇಳಿ.

ಪ್ರಶ್ನೆ: ಗೆಳೆಯರ ನಡುವಿನ ಪ್ರೀತಿಗೆ ‘ವಾತ್ಸಲ್ಯ’ ಅನ್ನಬಹುದೇ? ‘ಮಮತೆ’ ಅನ್ನಬಹುದೇ?
— ಓದುಗರು, ತಿ. ನರಸೀಪುರ

ಉತ್ತರ: ವಾತ್ಸಲ್ಯ ಬೇಡ. ವತ್ಸ ಅಂದರೆ ಕರು. ಹಸುವಿಗೆ ಕರುವಿನ ಮೇಲೆ ಇರುವುದು ವಾತ್ಸಲ್ಯ. ತಾಯಿ-ತಂದೆ ಮಕ್ಕಳಿಗೆ, ಗುರು ಶಿಷ್ಯನಿಗೆ ತೋರಿಸಬಹುದು. ದಾಸರು ಕೃಷ್ಣನನ್ನು ಮಗುವಾಗಿ ಕಂಡು ಹಾಡಿದಾಗಲೂ ಸರಿ. ಸಮವಯಸ್ಕರಿಗೆ ಒಪ್ಪುವುದಿಲ್ಲ. ‘ಅಕ್ಕರೆ ವಯಸ್ಸು ನೋಡುವುದಿಲ್ಲ’ ಎಂದು ಮೇಲೆ ಹೇಳಿದೆನಲ್ಲ, ವಾತ್ಸಲ್ಯ ಮಾತ್ರ ವಯಸ್ಸನ್ನು ನೋಡಿಯೇ ನೋಡುತ್ತದೆ. ಮಮತೆ ಸ್ವಲ್ಪ ಸಡಿಲ. ‘ಮಮ’ ಅಂದರೆ ನನ್ನದು. ನನ್ನವರು ಅನ್ನಿಸಿದ ಯಾರ ಮೇಲಾದರೂ ಮಮತೆ ಇರಬಹುದು, ಆದರೂ ತಾಯಿಯ ಜೊತೆಗೇ ಅದು ಜಾಸ್ತಿ ಬೆರೆತಿದೆ. ಗೆಳೆಯರಿಗೆ ‘ಒಲವು’ ಬಳಸೋಣ ಅಂದರೆ, ಅದು ಈಗ ಒಂದೋ ಪ್ರೇಮಿಗಳ ಕಡೆ ಹೋಗಿದೆ, ಇಲ್ಲವೇ ‘ಗಣಿತದ ಕಡೆ ಒಲವು’ ಎಂಬ ಹಾಗೆ ಆಸಕ್ತಿಯ ಅರ್ಥಕ್ಕೆ ಇಳಿದಿದೆ. ಗೆಳೆಯರಿಗೆ ಸ್ನೇಹ, ಪ್ರೀತಿ, ವಿಶ್ವಾಸ ಇದ್ದೇ ಇವೆ. ‘ಪ್ರೀತಿ-ವಿಶ್ವಾಸ’ ಎಂದು ಜೋಡಿಸಿ ಹೇಳಿದರೆ ಇನ್ನೂ ಚೆನ್ನ.